ರಿಂಗಿಗೆ ಬಿದ್ದದ್ದನ್ನಷ್ಟೇ ಎಣಿಸಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ಯಾಸ್ಕೆಟ್‌ಬಾಲಿಗೆ ಸಂಬಂಧಿಸಿದವು. ಕೇಳಿದ್ದೂ ಬಹುಮಟ್ಟಿಗೆ ಒಂದೇ: ಕೋಚ್ ಇಲ್ಲ, ತಂಡ ಕೂಡುವುದು ವಾರಕ್ಕೊಮ್ಮೆ, ದಿನಕ್ಕೆ ಸಿಗುವ ಇಪ್ಪತ್ತು–ಮೂವತ್ತು ನಿಮಿಷದಲ್ಲಿ ಹೈಸ್ಕೂಲು ಮಕ್ಕಳು ಒಬ್ಬರೇ ನಿಂತು ಏನು ಅಭ್ಯಾಸ ಮಾಡಬೇಕು? ನಾನು 29 ವರ್ಷ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ನಿವೃತ್ತಿಯಾದ ಮೇಲೂ ದಿನಾ ಬೆಳಿಗ್ಗೆ ಬಳ್ಳಾರಿಯ ಒಂದು ಸಿಮೆಂಟ್ ಕೋರ್ಟಿನಲ್ಲಿ ಮಕ್ಕಳ ಜೊತೆ ನಿಲ್ಲುತ್ತೇನೆ. ಅಲ್ಲಿ ಕಂಡದ್ದನ್ನು, ಮಾಡಿಸಿದ್ದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ಮಗಳು ಒಂಬತ್ತನೇ ತರಗತಿ, ಶಾಲೆಯ ತಂಡದಲ್ಲಿದ್ದಾಳೆ. ಟ್ಯೂಷನ್ನಿಗೆ ಮುಂಚೆ ಶಾಲೆಯ ಮೈದಾನದಲ್ಲಿ ಅರ್ಧ ಗಂಟೆ ಸಿಗುತ್ತದೆ. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಆಟ ಗೊತ್ತಿಲ್ಲ, ಸುಮ್ಮನೆ ನಿಂತಿರುತ್ತೇನೆ. ಏನು ಮಾಡಿಸಲಿ?
— ಒಬ್ಬ ತಂದೆ, ಸಿಂಧನೂರು

ಉತ್ತರ: ಸುಮ್ಮನೆ ನಿಲ್ಲಬೇಡಿ, ನಿಮಗೇ ಮೊದಲ ಕೆಲಸ. ಒಂದು ನೋಟ್‌ಬುಕ್ ತಂದು ಮಗಳ ಹೆಸರಿನಲ್ಲಿ ಖಾತೆ ತೆರೆಯಿರಿ. ತಾರೀಕು, ಆ ದಿನ ಮಾಡಿದ್ದು ಏನು, ಎಷ್ಟು ಹಾಕಿದಳು, ರಿಂಗಿಗೆ ಎಷ್ಟು ಬಿತ್ತು. ಇಷ್ಟು ಬರೆದರೆ ಸಾಕು. ನನ್ನ ಅನುಭವದಲ್ಲಿ ಒಬ್ಬರೇ ಅಭ್ಯಾಸ ಮಾಡುವ ಮಕ್ಕಳಿಗೆ ಕೋಚ್ ಇಲ್ಲದ ಕೊರತೆಯನ್ನು ಅರ್ಧ ತುಂಬುವುದು ಈ ಪುಸ್ತಕ. ಲೆಕ್ಕ ಇಲ್ಲದಿದ್ದರೆ ಮಕ್ಕಳು ತಮಗೆ ಬರುವುದನ್ನೇ ಮತ್ತೆ ಮತ್ತೆ ಮಾಡುತ್ತಾರೆ, ಬರದೇ ಇರುವುದರ ಹತ್ತಿರ ಹೋಗುವುದಿಲ್ಲ.

ಅರ್ಧ ಗಂಟೆ ಎಂದರೆ ಕೈಗೆ ಸಿಗುವುದು 25 ನಿಮಿಷ. ಶೂ ಲೇಸು, ನೀರು, ಗೋಡೆ ಆಚೆ ಹೋದ ಚೆಂಡು, ಇವಕ್ಕೆ ಐದು ನಿಮಿಷ ಹೋಗಿಯೇ ಹೋಗುತ್ತದೆ. ಮೊದಲ 4 ನಿಮಿಷ ಮೈ ಬಿಸಿಯಾಗಲಿ, ಆದರೆ ಚೆಂಡು ಕೈಯಲ್ಲೇ ಇರಲಿ. ಕೋರ್ಟಿನ ಉದ್ದ 28 ಮೀಟರ್: ಹೋಗುವಾಗ ಬಲಗೈ ಡ್ರಿಬ್ಲಿಂಗ್ (ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವುದು), ಬರುವಾಗ ಎಡಗೈ. ಒಂದು ಸುತ್ತು ನಿಧಾನ, ಒಂದು ಸುತ್ತು ಜೋರು, ಮತ್ತೊಂದು ಸುತ್ತು ಮೊಣಕಾಲು ಬಗ್ಗಿಸಿ ಅಡ್ಡ ಹೆಜ್ಜೆಯಲ್ಲಿ. ತಣ್ಣಗಿರುವ ಮೈಯಲ್ಲಿ ಕೂತು ಕಾಲು ಚಾಚಿ ಎಳೆದುಕೊಳ್ಳುವುದು ಬೇಡ, ಅದನ್ನು ಕೊನೆಗೆ ಮಾಡಲಿ.

ಮುಂದಿನ 6 ನಿಮಿಷ ಕೈ ಪಳಗಿಸಲು. ಮನೆಯಿಂದ ಐದು ಹಳೇ ಚಪ್ಪಲಿ ತಂದು ಎರಡೆರಡು ಹೆಜ್ಜೆಗೆ ಒಂದರಂತೆ ಸಾಲಾಗಿ ಇಡಿ. ಪ್ರತಿ ಚಪ್ಪಲಿಯ ಹತ್ತಿರ ಚೆಂಡು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಬೇಕು, ಮೊಣಕಾಲಿಗಿಂತ ಮೇಲೆ ಪುಟಿಯಬಾರದು. ಅವಳು ಚೆಂಡು ನೋಡುತ್ತಿದ್ದಾಳೋ ನಿಮ್ಮನ್ನು ನೋಡುತ್ತಿದ್ದಾಳೋ ಎಂದು ತಿಳಿಯಲು ಬೆರಳು ಎತ್ತಿ ತೋರಿಸಿ, ಎಷ್ಟು ಎಂದು ಅವಳು ಕೂಗಿ ಹೇಳಲಿ. ಎಡಗೈಗೆ ಬಲಗೈಗಿಂತ ದುಪ್ಪಟ್ಟು ಹೊತ್ತು ಕೊಡಿ.

ನಂತರದ 10 ನಿಮಿಷ ಆ ದಿನಕ್ಕೆಂದು ಇಟ್ಟುಕೊಂಡ ಒಂದೇ ವಿಷಯ. ಇಲ್ಲೇ ಹೆಚ್ಚಿನವರು ಎಡವುವುದು. ಹತ್ತು ನಿಮಿಷದಲ್ಲಿ ಲೇಅಪ್ (ಓಡಿ ಬಂದು ಹಾರಿ ರಿಂಗಿನ ಹತ್ತಿರದಿಂದ ಹಾಕುವುದು), ಜಂಪ್ ಶಾಟ್ (ನಿಂತಲ್ಲಿಂದ ಹಾರಿ ಹಾಕುವುದು), ಹುಕ್ (ತಲೆಯ ಮೇಲಿಂದ ಒಂದೇ ಕೈ ಬಳಸಿ ಹಾಕುವುದು), ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಅಂಕದ ಶಾಟ್) ಎಲ್ಲ ಎರಡೆರಡು ಸಲ ಮುಟ್ಟಿದರೆ ಯಾವುದೂ ಕೈಗೆ ಕೂಡುವುದಿಲ್ಲ. ಸೋಮವಾರ, ಗುರುವಾರ ಲೇಅಪ್. ಮಂಗಳವಾರ, ಶುಕ್ರವಾರ ರಿಂಗಿನ ಹತ್ತಿರದ ಶಾಟ್. ಬುಧವಾರ ಚೆಂಡು ಹಿಡಿದು ಎರಡೂ ಕಾಲಲ್ಲಿ ಒಟ್ಟಿಗೆ ನಿಲ್ಲುವುದು, ಒಂದು ಕಾಲು ಊರಿ ತಿರುಗುವುದು. ಶನಿವಾರ ಅವಳಿಗೆ ಇಷ್ಟ ಬಂದದ್ದು. ಭಾನುವಾರ ರಜೆ, ಅದರಲ್ಲಿ ರಿಯಾಯಿತಿ ಬೇಡ.

ಲೇಅಪ್ಪಿನ ದಿನ ಹೀಗೆ ಮಾಡಿಸಿ. ಎಡಗಡೆಯಿಂದ 3 ನಿಮಿಷ, ಬಲಗಡೆಯಿಂದ 2 ನಿಮಿಷ, ಉಸಿರಿಗೆ 1 ನಿಮಿಷ, ಮತ್ತೆ ಎಡಗಡೆಯಿಂದ 3. ಉಳಿದ ಒಂದು ನಿಮಿಷ ನೀವು ಲೆಕ್ಕ ಬರೆಯಲು. ಬಲಗಡೆಯಿಂದ ಹೋದಾಗ ಹೆಜ್ಜೆ ಬಲ, ಎಡ. ಎಡಗಾಲಿನಿಂದ ಹಾರಬೇಕು, ಬಲ ಮೊಣಕಾಲು ಮೇಲೇಳಬೇಕು, ಚೆಂಡು ಬಲಗೈಯಲ್ಲಿ. ಎಡಗಡೆಯಿಂದ ಪೂರ್ತಿ ತಿರುಗುಮುರುಗು. ರಿಂಗಿನ ಹಿಂದಿನ ಬೋರ್ಡಿನ ಮೇಲಿರುವ ಚೌಕದಲ್ಲಿ ತನ್ನ ಕಡೆಯ ಮೇಲಿನ ಮೂಲೆಗೆ ಕಣ್ಣು. ನಡಿಗೆ ವೇಗದಲ್ಲಿ ಶುರು ಮಾಡಿ, ಕಾಲು ಸರಿಯಾಗಿ ಬಿದ್ದಂತೆ ಓಟಕ್ಕೆ ಹೋಗಲಿ. ಚೆಂಡು ತರಲು ಹೋಗುವುದನ್ನೂ ಅಭ್ಯಾಸವಾಗಿಸಿ: ರಿಂಗಿನಿಂದ ಬಿದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದು, ಎಡಗೈ ಡ್ರಿಬ್ಲಿಂಗಿನಲ್ಲೇ ಆಚೆ ಬರಬೇಕು.

ಕೊನೆಯ 5 ನಿಮಿಷ ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಹಾಕುವ ಶಾಟ್. ಯಾವ ದಿನವೂ ಇದು ತಪ್ಪಬಾರದು. ಎರಡು ಹಾಕುವುದು, ಅರ್ಧ ಕೋರ್ಟಿನವರೆಗೆ ಓಡಿ ಬರುವುದು, ಮತ್ತೆರಡು ಹಾಕುವುದು. ಮ್ಯಾಚಿನಲ್ಲಿ ಫ್ರೀ ಥ್ರೋ ಸಿಗುವುದು ಏದುಸಿರು ಬಿಡುತ್ತಿರುವಾಗಲೇ. ಚೆಂಡು ಹಾಕಲು ಕೊಡುವ ಐದು ಸೆಕೆಂಡಿನಲ್ಲಿ ಉಸಿರನ್ನು ಹಿಡಿತಕ್ಕೆ ತರುವುದು ಕಲಿತರೆ ಆಗುವ ಪ್ರಯೋಜನ ದೊಡ್ಡದು.

ಮೊದಲ ವಾರದ ಪುಟದಲ್ಲಿ 'ಎಡ ಲೇಅಪ್, 3 ನಿಮಿಷ, 15ಕ್ಕೆ 4' ಎಂದು ಬರೆಯಬೇಕಾಗಿ ಬಂದರೂ ಹಾಗೇ ಬರೆಯಿರಿ. ಏನೂ ಅನ್ನಬೇಡಿ. ನಾಲ್ಕನೇ ವಾರ ಅದೇ ಪುಟ ತಿರುಗಿಸಿ ತೋರಿಸಿ. ನಮ್ಮ ಕೋರ್ಟಿಗೆ ಬರುವ ಒಬ್ಬ ಹುಡುಗಿ ಮನೆಯಲ್ಲಿ ತೆಲುಗು ಮಾತಾಡುವವಳು. ಬಿದ್ದ ಚೆಂಡನ್ನು 'ಒಕಟಿ, ರೆಂಡು, ಮೂಡು' ಎಂದು ಜೋರಾಗಿ ಎಣಿಸುತ್ತಾಳೆ. ತಪ್ಪಿದ್ದಕ್ಕೆ ಬಾಯಿ ಬಿಡುವುದಿಲ್ಲ. ಹಿಂದಿನ ದಿನದ ಅಂಕಿ ದಾಟಿದ ಕ್ಷಣ ಅವಳ ದನಿ ಏರುವುದು ಕೋರ್ಟಿನ ಆಚೆ ಕಡೆ ನಿಂತ ನನಗೆ ಕೇಳುತ್ತದೆ.

ಪ್ರಶ್ನೆ: ಮೇಡಂ, ದಿನಾ 200 ಶಾಟ್ ಹೊಡಿತೀನ್ರಿ. ಆದ್ರ ಮ್ಯಾಚಿನ್ಯಾಗ ಒಂದೂ ಬೀಳಂಗಿಲ್ಲ. ಏನ್ ತಪ್ಪು ಮಾಡಾಕತ್ತೀನಿ?
— ಪಿಯು ಮೊದಲ ವರ್ಷದ ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, 200ರಲ್ಲಿ ಎಷ್ಟು ಬಿದ್ದವು ಎಂದು ನೀನು ಬರೆದಿಲ್ಲ. ಎಲ್ಲಿ ನಿಂತು ಹೊಡೆದೆ ಎಂದೂ ಬರೆದಿಲ್ಲ. ನನ್ನ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ. ನಾಳೆಯಿಂದ ಹೊಡೆದದ್ದನ್ನು ಎಣಿಸುವುದು ಬಿಟ್ಟುಬಿಡು. 'ಇವತ್ತು ಈ ಜಾಗದಿಂದ 15 ಬೀಳಬೇಕು' ಎಂದು ನಿಗದಿ ಮಾಡಿಕೊಂಡು, ಅದಕ್ಕೆ ಎಷ್ಟು ಎಸೆತ ಬೇಕಾಯಿತು ಎಂದು ಬರೆದಿಡು. 40 ಬೇಕಾದರೆ ಆ ಜಾಗ ಇನ್ನೂ ದೂರ, ಒಂದು ಹೆಜ್ಜೆ ಮುಂದೆ ಬಾ. 22ರಲ್ಲೇ ಮುಗಿದರೆ ಒಂದು ಹೆಜ್ಜೆ ಹಿಂದೆ ಹೋಗು.

ಎರಡನೆಯದು, ನೀನು ನಿಂತಲ್ಲೇ ನಿಂತು, ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು, ಉಸಿರೆಳೆದುಕೊಂಡು ಹೊಡೆಯುತ್ತಿರಬೇಕು. ಮ್ಯಾಚಿನಲ್ಲಿ ಆ ಬಿಡುವು ಫ್ರೀ ಥ್ರೋ ಬಿಟ್ಟರೆ ಬೇರೆಲ್ಲೂ ಯಾರೂ ಕೊಡುವುದಿಲ್ಲ. ಒಬ್ಬನೇ ಇದ್ದರೂ ಪಾಸ್ ತಗೊಂಡ ಹಾಗೆ ಮಾಡಬಹುದು. ಚೆಂಡಿಗೆ ಹಿಂದಕ್ಕೆ ತಿರುಗುವಂತೆ ಸುತ್ತು ಕೊಟ್ಟು ನಿನ್ನ ಮುಂದೆ ನಾಲ್ಕು ಹೆಜ್ಜೆಗೆ ಎಸೆ. ಅದು ನೆಲಕ್ಕೆ ಬಡಿದು ನಿನ್ನ ಕಡೆಗೇ ವಾಪಸ್ ಬರುತ್ತದೆ. ಓಡಿ ಹೋಗಿ ಹಿಡಿ, ಎರಡೂ ಕಾಲಲ್ಲಿ ಒಟ್ಟಿಗೆ ನಿಲ್ಲು, ರಿಂಗಿಗೆ ತಿರುಗು, ಹೊಡೆ. ಮೊದಲ ವಾರ ನಿನ್ನ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಮ್ಯಾಚಿನಲ್ಲಿ ಆಗುತ್ತಿರುವುದು ಅದೇ, ಈಗ ನಿನಗೆ ಅಂಕಿಯಲ್ಲಿ ಕಾಣುತ್ತದೆ.

ಮೂರನೆಯದು ಕೈ. ಹೋದ ವರ್ಷ ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿಯ ಶಾಟ್ ಯಾವಾಗಲೂ ಬಲಕ್ಕೆ ವಾಲುತ್ತಿತ್ತು. ಎಲ್ಲರೂ ಅವಳ ಮೊಣಕೈ ತಿದ್ದುತ್ತಿದ್ದರು. ನಾನು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಬಿಳಿ ಟೇಪನ್ನು ಚೆಂಡಿನ ನಡುವೆ ಸುತ್ತಿ ಕೊಟ್ಟೆ. ಚೆಂಡು ಸರಿಯಾಗಿ ಕೈ ಬಿಟ್ಟರೆ ಆ ಬಿಳಿ ಪಟ್ಟಿ ಗಾಳಿಯಲ್ಲಿ ನೆಟ್ಟಗೆ ಒಂದು ಗೆರೆಯಾಗಿ ಕಾಣಬೇಕು. ಅವಳ ಚೆಂಡಿನಲ್ಲಿ ಪಟ್ಟಿ ಹಾವಿನಂತೆ ಹೊರಳುತ್ತಿತ್ತು. ಹತ್ತಿರ ಹೋಗಿ ನೋಡಿದರೆ, ಆಧಾರಕ್ಕೆಂದು ಇಟ್ಟ ಎಡಗೈಯ ಹೆಬ್ಬೆರಳು ಕೊನೇ ಗಳಿಗೆಯಲ್ಲಿ ಚೆಂಡನ್ನು ತಳ್ಳುತ್ತಿತ್ತು. ಆ ಹೆಬ್ಬೆರಳನ್ನು ತೋರುಬೆರಳಿಗೆ ಸೇರಿಸಿ ಅದೇ ಟೇಪಿನಿಂದ ಸಡಿಲವಾಗಿ ಕಟ್ಟಿ, ರಿಂಗಿನಿಂದ ಒಂದೇ ಮೀಟರ್ ದೂರದಲ್ಲಿ ನಿಲ್ಲಿಸಿ ದಿನಕ್ಕೆ 20 ಹಾಕಿಸಿದೆ. ಮೂರು ವಾರ ಅವಳು ಆ ಜಾಗ ಬಿಟ್ಟು ಕದಲಲಿಲ್ಲ. ನಾಲ್ಕನೇ ವಾರ ಟೇಪ್ ಬಿಚ್ಚಿದಾಗ ಪಟ್ಟಿ ನೆಟ್ಟಗೆ ನಿಂತಿತ್ತು. ನೀನೂ ಟೇಪ್ ಸುತ್ತಿ ನೋಡು. ಚೆಂಡು ಏನು ಹೇಳುತ್ತದೋ ಅದನ್ನು ಬರೆದು ಕಳಿಸು.

ಶಾಟ್ ಎತ್ತರ ಹೋಗುತ್ತದೆಯೇ ಎಂಬುದನ್ನೂ ನೋಡಿಕೋ. ರಿಂಗಿನ ಒಳ ಅಗಲ 45 ಸೆಂಟಿಮೀಟರ್, ನಿನ್ನ 7ನೇ ನಂಬರ್ ಚೆಂಡಿನ ಅಗಲ ಸುಮಾರು 24. ನೇರ ಮೇಲಿನಿಂದ ನೋಡಿದರೆ ಎರಡು ಚೆಂಡಿಗೆ ಒಂದೆರಡು ಬೆರಳಷ್ಟೇ ಕಡಿಮೆ ಜಾಗ. ಆದರೆ ಚೆಂಡು ಓರೆಯಾಗಿ ಬಂದಂತೆ ಅದರ ಪಾಲಿಗೆ ಬಾಗಿಲು ಕಿರಿದಾಗುತ್ತದೆ. ಅಡುಗೆಮನೆಯಿಂದ ಒಂದು ಬಳೆಯಾಕಾರದ ಸಿಂಬಿ ತಗೊಂಡು ಕಣ್ಣೆದುರು ವಾಲಿಸಿ ನೋಡು, ದುಂಡಗಿದ್ದದ್ದು ಮೊಟ್ಟೆಯಾಗುತ್ತದೆ, ಆಮೇಲೆ ಸೀಳಾಗುತ್ತದೆ. 45 ಡಿಗ್ರಿಯಲ್ಲಿ ಇಳಿಯುವ ಚೆಂಡಿಗೆ ಸಿಗುವುದು ಸುಮಾರು 32 ಸೆಂಟಿಮೀಟರ್. 30 ಡಿಗ್ರಿಗೆ ಇಳಿದರೆ 22.5, ಅಂದರೆ ಚೆಂಡಿಗಿಂತಲೂ ಚಿಕ್ಕದು. ಚಪ್ಪಟೆ ಶಾಟ್ ರಿಂಗಿನ ಮುಂಭಾಗಕ್ಕೆ ಬಡಿದು ಬರುವುದು ಅದಕ್ಕೇ. ಮೊಣಕಾಲು ಬಗ್ಗಿಸು, ತೋಳಿನ ಬಲದಿಂದಲೇ ಹೊಡೆದರೆ ಚೆಂಡು ಏರುವುದಿಲ್ಲ.

ತ್ರೀ ಪಾಯಿಂಟರ್ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. 6.75 ಮೀಟರ್ ದೂರದ ಆ ಗೆರೆಯನ್ನು ಮೂರು ತಿಂಗಳು ಮರೆತುಬಿಡು. ಅಮೆರಿಕದ ಆಟಗಾರ ಸ್ಟೀಫನ್ ಕರಿ 2021ರ ಡಿಸೆಂಬರಿನಲ್ಲಿ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಯ ತ್ರೀ ಪಾಯಿಂಟರ್ ದಾಖಲೆ ಮುರಿದಾಗ ಆ ವಿಡಿಯೊವನ್ನು ನಮ್ಮ ಮಕ್ಕಳೆಲ್ಲ ಫೋನಿನಲ್ಲಿ ನೋಡಿದರು. ಮ್ಯಾಚಿಗೆ ಮುಂಚೆ ಆತ ಎರಡು ಕೈಯಲ್ಲಿ ಎರಡು ಚೆಂಡು ಹಿಡಿದು ಡ್ರಿಬ್ಲಿಂಗ್ ಮಾಡುವ ವಿಡಿಯೊ ಇದೆ; ಅದನ್ನೂ ನೋಡು.

ಪ್ರಶ್ನೆ: ನಮ್ಮ ಮನೆ ಹತ್ತಿರ ಎಲ್ಲೂ ರಿಂಗ್ ಇಲ್ಲ. ಮಗ ಮಾಳಿಗೆ ಮೇಲೆ ಚೆಂಡು ಬಡಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ರಿಂಗ್ ಇಲ್ಲದೆ ಕಲಿಯಲು ಆಗುತ್ತದೆಯೇ ಅಕ್ಕ?
— ಒಬ್ಬ ತಾಯಿ, ಗಂಗಾವತಿ

ಉತ್ತರ: ಖಂಡಿತ ಆಗುತ್ತದೆ ತಂಗಿ. ಮೊದಲು ಮಾಳಿಗೆಯಿಂದ ಕೆಳಗಿಳಿಸಿ. ಅಂಗಳದಲ್ಲಿ ಬಂಡೆ ಹಾಸಿದ್ದರೆ ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅದರ ಮೇಲೆ ಬಡಿಯಲಿ. ಸದ್ದೂ ಕಡಿಮೆ, ಚೆಂಡೂ ಕಡಿಮೆ ಪುಟಿಯುವುದರಿಂದ ಕೈ ಇನ್ನಷ್ಟು ಜೋರಾಗಿ ಒತ್ತಬೇಕಾಗುತ್ತದೆ. ಬೆರಳಿಗೆ ಬಲ ಬರುವುದು ಹಾಗೆ. ಒಂದೊಂದು ಬಗೆಗೆ 30 ಸೆಕೆಂಡು: ಬಲಗೈ, ಎಡಗೈ, ಮುಂದಿನಿಂದ ಕೈ ಬದಲು, ಕಾಲುಗಳ ನಡುವಿನಿಂದ, ಬೆನ್ನ ಹಿಂದಿನಿಂದ. ನಡುವೆ 15 ಸೆಕೆಂಡು ಬಿಡುವು. ಎಂಟು ನಿಮಿಷದಲ್ಲಿ ಎರಡು ಸುತ್ತು ಆರಾಮವಾಗಿ ಮುಗಿಯುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಕಟ್ಟೆ ಮೇಲೆ ಕೂತು ಬೆರಳು ತೋರಿಸಲಿ, ಇವನು ತಲೆ ಎತ್ತಿ ಸಂಖ್ಯೆ ಹೇಳಲಿ.

ನಿಮ್ಮದೇ ಕಾಂಪೌಂಡ್ ಗೋಡೆ ಇದ್ದರೆ ಎದೆ ಎತ್ತರಕ್ಕೆ ಬಳಪದಲ್ಲಿ ಒಂದು ಚೌಕ ಬರೆಯಿರಿ. ಮೂರು ಹೆಜ್ಜೆ ದೂರದಿಂದ ಅದಕ್ಕೆ ಚೆಸ್ಟ್ ಪಾಸ್ (ಎದೆಯಿಂದ ನೇರ ತಳ್ಳುವುದು) 30, ಬೌನ್ಸ್ ಪಾಸ್ (ನೆಲಕ್ಕೆ ಒಮ್ಮೆ ಪುಟಿಸಿ ಕಳಿಸುವುದು) 30, ಒಂದೊಂದು ಕೈಯಿಂದ 15. ಶಾಟಿಗೆ ಗೋಡೆಯೂ ಬೇಡ: ಮಲಗುವ ಮುಂಚೆ ಚಾಪೆಯ ಮೇಲೆ ಅಂಗಾತ ಮಲಗಿ ಒಂದೇ ಕೈಯಲ್ಲಿ ಚೆಂಡನ್ನು ಮೇಲಕ್ಕೆ ಹಾಕಲಿ. ಮಣಿಕಟ್ಟು ಪೂರ್ತಿ ಬಾಗಿದರೆ, ಚೆಂಡು ಬೆರಳ ತುದಿಯಿಂದ ಬಿಟ್ಟರೆ, ಅದು ನೇರವಾಗಿ ಅದೇ ಕೈಗೆ ಬೀಳುತ್ತದೆ. 25 ಸಲ ಹಾಗೆ ಬಿದ್ದ ಮೇಲೆ ಮಲಗಲಿ. ವಾರಕ್ಕೆ ಒಂದು ದಿನವಾದರೂ ಶಾಲೆಯ ರಿಂಗಿನ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: 18 ಮಕ್ಕಳು, 3 ಚೆಂಡು, ಒಂದೇ ಪೋಸ್ಟ್. ಒಬ್ಬೊಬ್ಬರಿಗೂ ಬೇರೆ ಬೇರೆ ಅಭ್ಯಾಸ ಹೇಗೆ ಕೊಡಲಿ?
— ದೈಹಿಕ ಶಿಕ್ಷಕರು, ಕೊಪ್ಪಳ ತಾಲ್ಲೂಕು

ಉತ್ತರ: ಸರ್, ಇದು ನಾನೇ ಹಲವು ವರ್ಷ ಪಟ್ಟ ಪಾಡು. ಆರಾರು ಮಕ್ಕಳ ಮೂರು ಗುಂಪು ಮಾಡಿ. ಒಂದು ಗುಂಪು ರಿಂಗಿನ ಕೆಳಗೆ ಎರಡು ಚೆಂಡಿನೊಂದಿಗೆ, ಇನ್ನೊಂದು ಗೋಡೆಯ ಹತ್ತಿರ ಒಂದು ಚೆಂಡಿನೊಂದಿಗೆ, ಮೂರನೆಯದು ಚೆಂಡಿಲ್ಲದೆ ಹಗ್ಗ ಜಿಗಿತ ಮತ್ತು ಡಿಫೆನ್ಸ್ (ಎದುರಾಳಿಯನ್ನು ತಡೆಯುವ) ಹೆಜ್ಜೆ. ಏಳೇಳು ನಿಮಿಷಕ್ಕೆ ಸೀಟಿ. ರಿಂಗಿನ ಗುಂಪಿನಲ್ಲಿ ಮಾತ್ರ ಪ್ರತಿ ಮಗುವಿಗೂ ಅದರದೇ ಒಂದು ಕೆಲಸ ಕೊಡಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಅದರ ಕೈಗೇ ಕೊಡಿ. 'ಎಡಗೈ ಲೇಅಪ್' ಎಂಬ ಚೀಟಿ ಜೇಬಿನಲ್ಲಿದ್ದ ಮಗು ಮಧ್ಯಾಹ್ನದ ಬಿಡುವಿನಲ್ಲೂ ಅದನ್ನೇ ಮಾಡುವುದನ್ನು ನಾನು ಕಂಡಿದ್ದೇನೆ. ಚೆಂಡಿನ ನಂಬರ್ ಮಾತ್ರ ನೋಡಿಕೊಳ್ಳಿ: ಹೈಸ್ಕೂಲ್ ಹುಡುಗಿಯರಿಗೆ 6, ದೊಡ್ಡ ಹುಡುಗರಿಗೆ 7, ಹನ್ನೆರಡಕ್ಕಿಂತ ಚಿಕ್ಕವರಿಗೆ 5. ಹುಡುಗಿಯರ ಕೈಗೆ 7 ಕೊಟ್ಟು ಶಾಟ್ ಕೆಡಿಸಿದ್ದು ನಮ್ಮ ಕಡೆ ಬಹಳ.

ಪ್ರಶ್ನೆ: ಮಗನಿಗೆ 15 ವರ್ಷ, ಆರಡಿ ದಾಟಿದ್ದಾನೆ. ಎತ್ತರ ನೋಡಿ ತಂಡಕ್ಕೆ ಸೇರಿಸಿಕೊಂಡರು. ಆದರೆ ಕಾಲಿಗೆ ಕಾಲು ತೊಡರಿಸಿಕೊಂಡು ಬೀಳುತ್ತಾನೆ, ಹುಡುಗರು ನಗುತ್ತಾರೆ. ಬಿಡಿಸಿಬಿಡಲೇ?
— ಒಬ್ಬ ತಂದೆ, ಸಿರುಗುಪ್ಪ

ಉತ್ತರ: ಬಿಡಿಸಬೇಡಿ. ಮೂಳೆ ಒಂದೇ ವರ್ಷದಲ್ಲಿ ಅಷ್ಟು ಬೆಳೆದಾಗ ಮೈ ಹಿಡಿತಕ್ಕೆ ಬರಲು ಸಮಯ ಬೇಕು. ಜಾರ್ಜ್ ಮೈಕನ್ ಎಂಬ ಅಮೆರಿಕದ ಆಟಗಾರನ ವಿಷಯ ನಿಮ್ಮ ಮಗನಿಗೆ ಹೇಳಿ. 6 ಅಡಿ 10 ಅಂಗುಲ, ದಪ್ಪ ಕನ್ನಡಕ, ಶುರುವಿನಲ್ಲಿ ಒಡ್ಡೊಡ್ಡಾಗಿ ಓಡುತ್ತಿದ್ದವನು. 1940ರ ದಶಕದಲ್ಲಿ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಅವನ ಕೋಚ್ ರೇ ಮೇಯರ್ ಹಗ್ಗ ಜಿಗಿಸಿದರು, ಗಾಳಿಗೆ ಗುದ್ದುವ ಬಾಕ್ಸಿಂಗ್ ಮಾಡಿಸಿದರು, ರಿಂಗಿನ ಎರಡೂ ಬದಿಯಿಂದ ಎರಡೂ ಕೈಯಲ್ಲಿ ದಿನಾ ನೂರಾರು ಹುಕ್ ಶಾಟ್ ಹಾಕಿಸಿದರು. ಮುಂದೆ ಅವನು ತನ್ನ ಕಾಲದ ಅತಿ ದೊಡ್ಡ ಆಟಗಾರನಾದ. ರಿಂಗಿನ ಕೆಳಗೆ ನಿಂತು ಬಲಗಡೆ ಬಲಗೈಯಲ್ಲಿ, ಎಡಗಡೆ ಎಡಗೈಯಲ್ಲಿ ಬೋರ್ಡಿಗೆ ತಾಗಿಸಿ ಹಾಕುತ್ತ ಹೋಗುವ ಅಭ್ಯಾಸಕ್ಕೆ ಇಂದಿಗೂ ಮೈಕನ್ ಡ್ರಿಲ್ ಎಂದೇ ಹೆಸರು.

ನಿಮ್ಮ ಮಗನಿಗೆ 15 ನಿಮಿಷ ಸಾಕು. ಹಗ್ಗ ಜಿಗಿತ 1 ನಿಮಿಷದಂತೆ ನಾಲ್ಕು ಸಲ, ನಡುವೆ ಅರ್ಧ ನಿಮಿಷ ಬಿಡುವು. ಆಮೇಲೆ ಮೈಕನ್ ಡ್ರಿಲ್, 30 ಸೆಕೆಂಡಿಗೆ ಎಷ್ಟು ಬಿತ್ತು ಎಂದು ನಾಲ್ಕು ಸಲ. ಚೆಂಡು ಬಲೆಯಿಂದ ಇಳಿಯುತ್ತಿದ್ದಂತೆ ಕೈಯನ್ನು ಗಲ್ಲದಿಂದ ಕೆಳಗಿಳಿಸದೆ ಹಿಡಿಯಬೇಕು. ಕೆಳಗೆ ತಂದರೆ ಗಿಡ್ಡ ಹುಡುಗರು ಕಿತ್ತುಕೊಳ್ಳುತ್ತಾರೆ. ಒಬ್ಬನೇ ಇದ್ದಾಗ ನಗುವವರೂ ಇರುವುದಿಲ್ಲ.

ಪ್ರಶ್ನೆ: 13 ವರ್ಷದ ಮಗನಿಗೆ ಮೊಣಕಾಲು ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿದೆ. ಹಾರಿದರೆ ನೋವು ಅನ್ನುತ್ತಾನೆ. ಎಣ್ಣೆ ಹಚ್ಚಿ ಆಡಿಸಬಹುದೇ?
— ಒಬ್ಬ ತಾಯಿ, ಮಾನ್ವಿ

ಉತ್ತರ: ಮೂಳೆ ವೈದ್ಯರಿಗೆ ಒಮ್ಮೆ ತೋರಿಸಿ ತಾಯಿ, ಎಣ್ಣೆಯ ಮೇಲೆ ಬಿಡಬೇಡಿ. ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ, ಹಾರುವ ಓಡುವ ಆಟದ ಮಕ್ಕಳಿಗೆ ಆ ಜಾಗದಲ್ಲಿ ನೋವು, ಉಬ್ಬು ಬರುವುದು ಸಾಮಾನ್ಯ. ತೊಡೆಯ ಸ್ನಾಯು ಬಂದು ಸೇರುವ ಎಳೆ ಮೂಳೆಯನ್ನು ಅದು ಪದೇ ಪದೇ ಎಳೆಯುವುದರಿಂದ ಹಾಗಾಗುತ್ತದೆ, ಆಸ್‌ಗುಡ್–ಶ್ಲಾಟರ್ ಎನ್ನುತ್ತಾರೆ. ಬೆಳವಣಿಗೆ ನಿಂತ ಮೇಲೆ ಬಹುಪಾಲು ಮಕ್ಕಳಲ್ಲಿ ತಾನೇ ಶಮನವಾಗುತ್ತದೆ. ಆದರೆ ಅದೇ ಎಂದು ಹೇಳಬೇಕಾದವರು ವೈದ್ಯರು.

ಅವರು ಬೇಡ ಎನ್ನುವಷ್ಟು ದಿನ ಹಾರುವುದು, ಮೆಟ್ಟಿಲು ಓಡುವುದು ಬೇಡ. ಕುರ್ಚಿಯಲ್ಲಿ ಕೂತು ಡ್ರಿಬ್ಲಿಂಗ್, ಕೂತಲ್ಲಿಂದಲೇ ಗೋಡೆಗೆ ಪಾಸ್, ಚಾಪೆಯ ಮೇಲೆ ಮಲಗಿ ಶಾಟ್, ಇಷ್ಟರಲ್ಲೇ 15 ನಿಮಿಷ ತುಂಬುತ್ತದೆ. ಒಂದು ಮಾತು ಎಲ್ಲ ಪೋಷಕರಿಗೂ: ವಾರಕ್ಕೆ ಮಗುವಿನ ವಯಸ್ಸು ಎಷ್ಟೋ ಅದಕ್ಕಿಂತ ಹೆಚ್ಚು ಗಂಟೆ ಒಂದೇ ಆಟದ ಅಭ್ಯಾಸ ಬೇಡ. ಮ್ಯಾಚ್, ಶಾಲೆ, ಬೇಸಿಗೆ ಶಿಬಿರ ಎಲ್ಲ ಸೇರಿಸಿ ಲೆಕ್ಕ ಹಾಕಿ. ನೋವಿದೆ ಎಂದ ಮಗುವನ್ನು 'ನಾಟಕ ಮಾಡಬೇಡ' ಎಂದು ಗದರಿಸಿ ಆಡಿಸುವುದನ್ನು ನೋಡಿದಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಅಭ್ಯಾಸ ಯಾವ ಹೊತ್ತಿಗೆ?
— ರಾಯಚೂರಿನ ಮೂವರು ಗೆಳತಿಯರು

ಉತ್ತರ: ಬೆಳಿಗ್ಗೆ 5.45ಕ್ಕೆ ಶುರು, 6.30ಕ್ಕೆ ಮುಗಿಸಿ. ಸಂಜೆ ಬಿಸಿಲು ಇಳಿದರೂ ಸಿಮೆಂಟ್ ಇಳಿಯುವುದಿಲ್ಲ. ಬಳ್ಳಾರಿಯಲ್ಲಿ ನಮ್ಮ ಕೋಟೆ ಗುಡ್ಡ, ಕುಂಬಾರ ಗುಡ್ಡದ ಬಂಡೆಗಳು ರಾತ್ರಿಯವರೆಗೂ ಝಳ ಬಿಡುತ್ತವೆ, ನಿಮ್ಮ ಕೋಟೆಯ ಕಲ್ಲುಗಳೂ ಅಷ್ಟೇ. 40 ಡಿಗ್ರಿ ದಾಟುವ ದಿನಗಳಲ್ಲಿ ಸಂಜೆ ಅಭ್ಯಾಸ ಬೇಡವೇ ಬೇಡ. ಬಾಯಾರುವ ಮೊದಲೇ, ಹತ್ತು ಹತ್ತು ನಿಮಿಷಕ್ಕೆ ನಾಲ್ಕು ಗುಟುಕು ನೀರು. ಮನೆಗೆ ಹೋದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ತುಂಬಾ ಬೆವರಿದ ದಿನ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕುಡಿಯಿರಿ. ಹೊರಡುವಾಗ ಬಾಳೆಹಣ್ಣು, ಬಂದ ಮೇಲೆ ರೊಟ್ಟಿ, ಶೇಂಗಾ ಹಿಂಡಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಅಭ್ಯಾಸದ ದಾರಿಯಲ್ಲೇ ವಗ್ಗರಣೆ–ಮಿರ್ಚಿ ಬಂಡಿ ಇದೆಯೆಂದು ಬರೆದಿದ್ದೀರಿ. ಭಾನುವಾರ ತಿನ್ನಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಬನ್ನಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ. ಮಾತು ತೊದಲಿದರೆ, ಎಚ್ಚರ ತಪ್ಪುವಂತಾದರೆ ಕೂಡಲೇ ಆಸ್ಪತ್ರೆ.

ನೀವು ಮೂವರಿದ್ದೀರಿ. ಒಬ್ಬಳು ಹಾಕುವಾಗ ಒಬ್ಬಳು ಚೆಂಡು ತಂದುಕೊಡಲಿ, ಇನ್ನೊಬ್ಬಳು ಲೆಕ್ಕ ಬರೆಯಲಿ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಬಿ ವಿಭಾಗ ಗೆದ್ದದ್ದು ಗೊತ್ತೇ? ಫೈನಲ್ಲಿನಲ್ಲಿ ಕಜಕಿಸ್ತಾನದ ಎದುರು 75–73. ಎರಡೇ ಅಂಕ. ಫ್ರೀ ಥ್ರೋ ಹಾಕುವಾಗ ಆ ಎರಡು ಅಂಕ ನೆನಪಿರಲಿ.

ಪ್ರಶ್ನೆ: ಊರಿನ ಯುವಕರು ಸೇರಿ ವೆಲ್ಡಿಂಗ್ ಅಂಗಡಿಯಲ್ಲಿ ರಿಂಗ್ ಮಾಡಿಸುತ್ತಿದ್ದೇವೆ. ಅಳತೆ ತಿಳಿಸಿ.
— ಕುಷ್ಟಗಿ

ಉತ್ತರ: ನಿಮ್ಮ ಪತ್ರ ಓದಿ ಎಷ್ಟು ಸಂತೋಷವಾಯಿತೋ ಅಷ್ಟೇ ಆತಂಕವೂ ಆಯಿತು, ಕಾರಣ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಯ ರಿಂಗ್ ಹತ್ತಿರ ಹತ್ತಿರ ಒಂದು ಗೇಣು ತಗ್ಗಿಗಿತ್ತು. ನಮಗಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ಅದಕ್ಕೇ ಹಾಕಿ ಹಾಕಿ ಕೈ ಕೂತಿತ್ತು. ಜಿಲ್ಲಾ ಮಟ್ಟಕ್ಕೆ ಹೋದೆವು. ನನ್ನ ಮೊದಲ ಶಾಟ್ ರಿಂಗಿನ ಮುಂಭಾಗಕ್ಕೆ ಬಡಿಯಿತು, ಎರಡನೆಯದೂ, ಮೂರನೆಯದೂ. ಆ ಮ್ಯಾಚಿನಲ್ಲಿ ನಾನು ಒಂದೂ ಹಾಕಲಿಲ್ಲ. ಕೈಯೇ ಕೆಟ್ಟಿತು ಎಂದುಕೊಂಡು ಬಸ್ಸಿನಲ್ಲಿ ಅಳುತ್ತಾ ಬಂದೆ. ಮುಂದೆ ತರಬೇತಿಗೆ ಹೋದಾಗ ಅಳತೆ ಕಲಿತು, ರಜೆಗೆ ಬಂದು ಹಳೇ ಶಾಲೆಯ ರಿಂಗಿಗೆ ಟೇಪ್ ಹಿಡಿದಾಗಲೇ ನಿಜ ತಿಳಿದದ್ದು. ಅಂದಿನಿಂದ ನಾನು ಹೋದ ಪ್ರತಿ ಶಾಲೆಯಲ್ಲೂ ಮೊದಲ ದಿನ ಮಾಡಿದ ಕೆಲಸ ರಿಂಗ್ ಅಳೆಯುವುದು.

ನೆಲದಿಂದ ರಿಂಗಿನ ಮೇಲಂಚಿಗೆ 3.05 ಮೀಟರ್, ಅಂದರೆ 10 ಅಡಿ. ರಿಂಗಿನ ಒಳ ಅಗಲ 45 ಸೆಂಟಿಮೀಟರ್, ಸರಳು 16ರಿಂದ 20 ಮಿಲಿಮೀಟರ್ ದಪ್ಪದ್ದು. ಬೋರ್ಡ್ 1.80 ಮೀಟರ್ ಅಗಲ, 1.05 ಮೀಟರ್ ಎತ್ತರ. ಅದರ ಕೆಳಅಂಚು ನೆಲದಿಂದ 2.90 ಮೀಟರ್. ಬೋರ್ಡಿಗೂ ರಿಂಗಿನ ಒಳಅಂಚಿಗೂ ನಡುವೆ 15 ಸೆಂಟಿಮೀಟರ್. ಫ್ರೀ ಥ್ರೋ ಗೆರೆ ಬೋರ್ಡಿನಿಂದ 4.60 ಮೀಟರ್; ಇದನ್ನು ಅಳೆಯಲು ಗಾರೆಯವರ ತೂಗುಗುಂಡನ್ನು ಬೋರ್ಡಿನ ಮುಖದಿಂದ ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿಕೊಳ್ಳಿ. ಕಂಬ ಬೋರ್ಡಿನಿಂದ ಚೆನ್ನಾಗಿ ಹಿಂದಕ್ಕಿರಲಿ, ಲೇಅಪ್ ಹಾಕಿದ ಮಗು ಓಡಿಹೋಗಿ ಗುದ್ದಿಕೊಳ್ಳಬಾರದು. ಹಳೇ ಹಾಸಿಗೆ ಸುತ್ತಿ ಕಟ್ಟಿದರೆ ಇನ್ನೂ ಒಳ್ಳೆಯದು. ಬುಡಕ್ಕೆ ಕಾಂಕ್ರೀಟಿನಲ್ಲಿ ಜಿಪುಣತನ ಮಾಡಬೇಡಿ. ನೆಲಕ್ಕೆ ಸಿಮೆಂಟ್ ಹಾಕಿಸಿದ ಮೇಲೆ ಎತ್ತರವನ್ನು ಮತ್ತೊಮ್ಮೆ ಅಳೆಯಿರಿ. ನಮ್ಮ ಶಾಲೆಯಲ್ಲಿ ತಪ್ಪಿದ್ದು ಅಲ್ಲೇ ಇರಬೇಕು ಎಂದು ನನ್ನ ಊಹೆ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ದಸರಾ ಆದ ಮೇಲೆ ಚೆಂಡು ಮುಟ್ಟಬಾರದು ಅಂತ ಮನೆಯಲ್ಲಿ ಹೇಳಿದ್ದಾರೆ. ಈ ವರ್ಷ ವಿಭಾಗ ಮಟ್ಟದವರೆಗೆ ಹೋಗಿ ಬಂದೆವು. ಬಿಟ್ಟರೆ ಎಲ್ಲಾ ಮರೆತುಹೋಗುತ್ತೆ ಅಂತ ಭಯ ಟೀಚರ್.
— ಕೌಲ್ ಬಜಾರ್, ಬಳ್ಳಾರಿ

ಉತ್ತರ: ಮಗಳೇ, ತಾಲ್ಲೂಕು, ಜಿಲ್ಲೆ ದಾಟಿ ಕಲಬುರಗಿ ವಿಭಾಗದವರೆಗೆ ಹೋದ ಕೈ ಐದು ತಿಂಗಳಲ್ಲಿ ಮರೆಯುವುದಿಲ್ಲ, ಸ್ವಲ್ಪ ಜಡ್ಡುಗಟ್ಟುತ್ತದೆ ಅಷ್ಟೇ. ಅಪ್ಪ–ಅಮ್ಮನ ಹತ್ತಿರ ವಾದಕ್ಕೆ ಹೋಗಬೇಡ. ದಿನಕ್ಕೆ 12 ನಿಮಿಷ ಕೇಳು. ಗಡಿಯಾರ ಅಮ್ಮನ ಕೈಗೇ ಕೊಡು. ಅಂಗಳದಲ್ಲಿ 5 ನಿಮಿಷ ಡ್ರಿಬ್ಲಿಂಗ್, 3 ನಿಮಿಷ ಹಗ್ಗ, 4 ನಿಮಿಷ ಗೋಡೆಗೆ ಒಂದೇ ಕೈಯ ಶಾಟ್. ಮುಗಿದ ಕೂಡಲೇ ಗಣಿತಕ್ಕೆ ಕೂರು. ಹದಿನೈದು ದಿನ ಒಂದು ನಿಮಿಷವೂ ಹೆಚ್ಚಾಗದಂತೆ ನಡೆದುಕೊಂಡರೆ ಅವರಿಗೆ ನಂಬಿಕೆ ಬರುತ್ತದೆ. ಅಷ್ಟಕ್ಕೂ ಒಪ್ಪದಿದ್ದರೆ ನಾನೇ ಮನೆಗೆ ಬಂದು ಮಾತಾಡುತ್ತೇನೆ, ನಿಮ್ಮ ಓಣಿ ನಮ್ಮ ಕೋರ್ಟಿಗೆ ದೂರವಿಲ್ಲ. ಫೆಬ್ರುವರಿಯಲ್ಲಿ ಮಾತ್ರ ಪೂರ್ತಿ ನಿಲ್ಲಿಸು, ಹಗ್ಗವೊಂದು ಸಾಕು.

ನಿನ್ನ ಫ್ರೀ ಥ್ರೋ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ 25ಕ್ಕೆ 17 ಎಂದು ಇದೆಯೆಂದು ಬರೆದಿದ್ದೀಯಲ್ಲ. ಅದರ ಕೆಳಗಿನ ಪುಟ ಖಾಲಿ ಇರಲಿ. ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ 5.45ಕ್ಕೆ ನಾನು ಕೋರ್ಟಿನಲ್ಲಿರುತ್ತೇನೆ. ಪುಸ್ತಕ ತಗೊಂಡು ಬಾ.